ಪಥ್ಯದ ಬೀಗ, ಸಂಮೋಹನದ ಕೀಲಿಕೈ

ಮದುವೆಯೊಂದರ ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕ ಕುಳಿತಿದ್ದ ಹಿರಿಯರೊಬ್ಬರು ಬಿರಿಯಾನಿಯ ತಟ್ಟೆಯನ್ನು ದೂರ ಸರಿಸಿದರು. ಎರಡು ನಿಮಿಷ ಕಳೆಯುವಷ್ಟರಲ್ಲಿ ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. ಅವರದು ಹಲವು ವರ್ಷಗಳ ಸಕ್ಕರೆ ಕಾಯಿಲೆ. ಏನು ತಿನ್ನಬಾರದು ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕೈ ತೊಳೆಯುವಾಗ ಮೆಲ್ಲಗೆ ಕೇಳಿದರು: "ಸಂಮೋಹನ ಮಾಡಿಸಿಕೊಂಡರೆ ಅನ್ನದ ಆಸೆಯೇ ಹೋಗುತ್ತದಂತೆ, ಹೌದಾ? ಒಬ್ಬರು ಹದಿನೈದು ಸಾವಿರ ಕೇಳಿದ್ದಾರೆ."

ಅಂದು ನಮ್ಮಿಂದ ಸರಿಯಾದ ಉತ್ತರ ಹೊರಡಲಿಲ್ಲ. ಆಮೇಲೆ ಈ ಪಥ್ಯದ ಚರಿತ್ರೆಯನ್ನು ಹುಡುಕುತ್ತಾ ಹೋದಾಗ ತಿಳಿದದ್ದೇನೆಂದರೆ, ಆ ಹಿರಿಯರ ಕಷ್ಟಕ್ಕೆ ಇನ್ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ.

ಬ್ರಿಟಿಷ್ ಸೇನೆಯ ಫಿರಂಗಿ ದಳದಲ್ಲಿ ಶಸ್ತ್ರವೈದ್ಯನಾಗಿದ್ದ ಜಾನ್ ರೋಲೋ 1797ರಲ್ಲಿ ಮಧುಮೇಹದ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದ. ಕ್ಯಾಪ್ಟನ್ ಮೆರೆಡಿತ್ ಎಂಬ ರೋಗಿಗೆ ಅವನು ಧಾನ್ಯ, ತರಕಾರಿಗಳನ್ನು ಬಹುಮಟ್ಟಿಗೆ ಬಿಡಿಸಿ ಹಾಲು, ಕೊಬ್ಬು, ಹಳೆಯ ಮಾಂಸ ತಿನ್ನಿಸಿದ್ದ. ಮೂತ್ರದಲ್ಲಿ ಸಕ್ಕರೆ ಇಳಿಯಿತು, ರೋಗಿ ಚೇತರಿಸಿಕೊಂಡ. ಆದರೆ ರೋಲೋನ ಎರಡನೆಯ ರೋಗಿ ಒಬ್ಬ ಸೇನಾ ಜನರಲ್. ಸಾವಿರಾರು ಸೈನಿಕರಿಗೆ ಅಪ್ಪಣೆ ಕೊಡಬಲ್ಲವನಾದ ಅವನಿಗೆ ತನ್ನ ನಾಲಿಗೆಗೆ ಅಪ್ಪಣೆ ಕೊಡಲಾಗಲಿಲ್ಲ. ಪಥ್ಯ ಮುರಿದ. ಪಿಷ್ಟ ಕಡಿಮೆ ಮಾಡುವ ಆಹಾರಕ್ರಮದ ಇಡೀ ಕಥೆ ಈ ಇಬ್ಬರಲ್ಲೇ ಇದೆ ಎನ್ನಬಹುದು.

ಸ್ಥೂಲಕಾಯಕ್ಕೆ ಇದೇ ಪಥ್ಯವನ್ನು ಪ್ರಸಿದ್ಧಗೊಳಿಸಿದವನು ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುತ್ತಿದ್ದ ವಿಲಿಯಂ ಬ್ಯಾಂಟಿಂಗ್. ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆ ಬಿಟ್ಟು ಸುಮಾರು ಒಂದು ವರ್ಷದಲ್ಲಿ 46 ಪೌಂಡು ಇಳಿದ ಅವನು 1863ರಲ್ಲಿ ತನ್ನ ಅನುಭವವನ್ನು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಿದ. ಸ್ವೀಡಿಷ್ ಭಾಷೆಯಲ್ಲಿ ಇಂದಿಗೂ ತೂಕ ಇಳಿಸುವುದಕ್ಕೆ ಅವನ ಹೆಸರಿನಿಂದಲೇ ಬಂದ ಕ್ರಿಯಾಪದವಿದೆ.

ಬ್ಯಾಂಟಿಂಗ್ ಸ್ವಂತ ಇಚ್ಛೆಯಿಂದ ಪಥ್ಯ ಹಿಡಿದವನು. ಇಚ್ಛೆ ಸೋತವರನ್ನು ಏನು ಮಾಡುವುದು? ಹತ್ತೊಂಬತ್ತನೆಯ ಶತಮಾನದ ವೈದ್ಯರು ಇದಕ್ಕೆ ಕಂಡುಕೊಂಡ ಉತ್ತರ ಬೀಗ. ನೇಪಲ್ಸಿನ ಅರ್ನಾಲ್ಡೊ ಕಂತಾನಿ ಮಧುಮೇಹಿಗಳನ್ನು ಕೋಣೆಯೊಳಗೆ ಕೂಡಿಹಾಕಿ ಪಥ್ಯ ಮಾಡಿಸುತ್ತಿದ್ದ. ಜರ್ಮನಿಯ ಬರ್ನ್‌ಹಾರ್ಡ್ ನೌನಿನ್ ಕೂಡ ಅದೇ ದಾರಿ ಹಿಡಿದ. ಅವರನ್ನು ಕ್ರೂರಿಗಳೆಂದು ಬಯ್ಯುವುದು ಸುಲಭ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಪಥ್ಯ ಮುರಿಯುವುದೆಂದರೆ ಸಾವನ್ನು ಕರೆಯುವುದೆಂದೇ ಅವರು ತಿಳಿದಿದ್ದರು.

ಬೀಗವಾದರೂ ಗೆದ್ದಿತೇ? ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಫ್ರೆಡರಿಕ್ ಅಲೆನ್ ಮಧುಮೇಹಿಗಳಿಗೆ ಕಠಿಣ ಉಪವಾಸದ ಚಿಕಿತ್ಸೆ ಕೊಡುತ್ತಿದ್ದ. ಅವನು ಮತ್ತು ಸಂಗಡಿಗರು 1919ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಣ್ಣು ಕಾಣದ ಹನ್ನೆರಡು ವರ್ಷದ ಹುಡುಗನೊಬ್ಬನ ಪ್ರಸಂಗವಿದೆ. ಅವನನ್ನು ಪ್ರತ್ಯೇಕವಾಗಿ ಇಟ್ಟಿದ್ದರು. ಆಹಾರವನ್ನು ತೂಗಿ ತೂಗಿ ಕೊಡುತ್ತಿದ್ದರು. ಆದರೂ ಮೂತ್ರದಲ್ಲಿ ಸಕ್ಕರೆ ಕಾಣಿಸುತ್ತಲೇ ಇತ್ತು. ಕುರುಡು ಹುಡುಗ ಯಾರ ನೆರವೂ ಇಲ್ಲದೆ ಆಹಾರ ಕದಿಯುವುದು ಹೇಗೆ? ಕೊನೆಗೆ ಅವನೇ ಒಪ್ಪಿಕೊಂಡ: ಹಲ್ಲುಜ್ಜುವ ಪೇಸ್ಟನ್ನು ತಿಂದಿದ್ದ, ಪಂಜರದ ಹಕ್ಕಿಗೆಂದು ಇಟ್ಟಿದ್ದ ಕಾಳನ್ನು ತಿಂದಿದ್ದ. ಆ ಮಗು ಉಳಿಯಲಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಿದಾಗ ಇಂಥ ಎಷ್ಟೋ ಮಕ್ಕಳ ಸರದಿ ಮುಗಿದುಹೋಗಿತ್ತು.

ಬೀಗ ಹೊರಗಿನದು. ಮನಸ್ಸನ್ನೇ ಒಳಗಿನಿಂದ ತಿರುಗಿಸಲಾಗದೇ ಎಂಬ ಪ್ರಶ್ನೆಗೆ ಬೇರೆಯೇ ಒಂದು ಪರಂಪರೆಯಿದೆ. 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ಒಂದು ಹಲಗೆಯ ದೃಷ್ಟಾಂತ ಕೊಟ್ಟಿದ್ದರು. ದಾರಿಯಲ್ಲಿ ಹಾಸಿದ ಹಲಗೆಯ ಮೇಲೆ ಯಾರೂ ನಡೆಯಬಲ್ಲರು, ಅದೇ ಹಲಗೆಯನ್ನು ಕಂದರಕ್ಕೆ ಅಡ್ಡ ಇಟ್ಟರೆ ಬೀಳುವ ಕಲ್ಪನೆಯೇ ಮನುಷ್ಯನನ್ನು ಬೀಳಿಸುತ್ತದೆ. ಸ್ವಯಂಸೂಚನೆಯಿಂದ ಕಾಯಿಲೆ ವಾಸಿಮಾಡಬಹುದೆಂದ ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕುಯೆ ಇಪ್ಪತ್ತನೆಯ ಶತಮಾನದಲ್ಲಿ ಬಳಸಿದ್ದೂ ಹಲಗೆಯ ಉದಾಹರಣೆಯನ್ನೇ.

ಈ ನಡುವೆ ಗೋವಾದ ಒಬ್ಬ ಪಾದ್ರಿ ಬರುತ್ತಾನೆ. ಕಾಂದೋಳಿಯಲ್ಲಿ 1756ರಲ್ಲಿ ಹುಟ್ಟಿ ಲಿಸ್ಬನ್, ರೋಮ್ ಹಾದು ಪ್ಯಾರಿಸ್ ಸೇರಿದ ಅಬೆ ಫಾರಿಯಾ. ಪ್ಯಾರಿಸಿನಲ್ಲಿ ಹಿಂದೆ ಮೆಸ್ಮರ್ ಎಂಬ ವೈದ್ಯ ತನ್ನೊಳಗಿನಿಂದ ಒಂದು ಕಾಂತದ್ರವ ಹರಿಯುತ್ತದೆಂದು ಹೇಳಿಕೊಂಡಿದ್ದ. ಫ್ರಾಂಕ್ಲಿನ್, ಲಾವಾಸಿಯೆ ಮೊದಲಾದವರಿದ್ದ ರಾಜ ಸಮಿತಿ 1784ರಲ್ಲಿ ಅಂಥ ದ್ರವವಿಲ್ಲ, ಕೆಲಸ ಮಾಡುವುದು ಕಲ್ಪನೆ ಎಂದು ತೀರ್ಪಿತ್ತಿತು. 1813ರಿಂದ ಸಾರ್ವಜನಿಕ ಪ್ರದರ್ಶನ ನೀಡಿದ ಫಾರಿಯಾ ಇನ್ನೊಂದು ಹೆಜ್ಜೆ ಮುಂದಿಟ್ಟ. ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿ "ನಿದ್ರಿಸು" ಎನ್ನುತ್ತಿದ್ದ, ಅಷ್ಟೆ. ಶಕ್ತಿ ಇರುವುದು ನಿದ್ರೆ ಮಾಡಿಸುವವನಲ್ಲಲ್ಲ, ನಿದ್ರಿಸುವವನಲ್ಲಿ. ಎಲ್ಲರೂ ಹಾಗೆ ನಿದ್ರಿಸಲಾರರು ಎಂಬುದು ಅವನ ಮಾತು. ನಟನೊಬ್ಬ ನಿದ್ರೆ ನಟಿಸಿ ಅವನನ್ನು ನಗೆಪಾಟಲು ಮಾಡಿದ. 1819ರಲ್ಲಿ ಪುಸ್ತಕ ಹೊರಬರುವ ಹೊತ್ತಿಗೆ ಫಾರಿಯಾನ ಆಯುಸ್ಸೂ ಮುಗಿಯಿತು.

1840ರ ದಶಕದಲ್ಲಿ ಮ್ಯಾಂಚೆಸ್ಟರಿನ ಜೇಮ್ಸ್ ಬ್ರೇಡ್ ಈ ವಿದ್ಯೆಗೆ ಇಂಗ್ಲಿಷಿನ ಇಂದಿನ ಹೆಸರನ್ನು ರೂಢಿಗೆ ತಂದ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ವೈದ್ಯ ಜೈಲಿನ ಕೈದಿಯೊಬ್ಬನಿಂದ ಆರಂಭಿಸಿ ಮೆಸ್ಮರನ ವಿಧಾನದಲ್ಲಿ ನೋವು ಮರೆಸಿ ಶಸ್ತ್ರಕ್ರಿಯೆ ಮಾಡತೊಡಗಿದ. ಗಡ್ಡೆ ಕೊಯ್ಯುವ ಅಸಹನೀಯ ನೋವನ್ನು ತಡೆದ ವಿದ್ಯೆ ಒಂದು ಹಿಡಿ ಅನ್ನದ ಆಸೆಯನ್ನು ತಡೆಯದೇ ಎಂದು ಕೇಳಬಹುದು. ನಮಗನ್ನಿಸುವಂತೆ ಇಲ್ಲೇ ಜನ ಎಡವುವುದು. ಶಸ್ತ್ರಕ್ರಿಯೆ ಒಮ್ಮೆ ನಡೆದು ಮುಗಿಯುತ್ತದೆ. ಊಟ ದಿನಕ್ಕೆ ಮೂರು ಸಲ ಎದುರು ಬಂದು ಕೂರುತ್ತದೆ. ಅದೂ ನಮ್ಮಲ್ಲಿ ಅನ್ನ, ಮುದ್ದೆ, ರೊಟ್ಟಿಗಳನ್ನು ತೆಗೆದರೆ ಊಟದಲ್ಲಿ ಉಳಿಯುವುದು ನೆಂಚಿಕೊಳ್ಳುವುದಷ್ಟೆ. ಬ್ಯಾಂಟಿಂಗನಿಗೆ ಬ್ರೆಡ್ಡು ಹೋದರೂ ಮಾಂಸದ ತಟ್ಟೆ ಉಳಿದಿತ್ತು.

ಲೆಕ್ಕ ಹಾಕಿ ನೋಡಿದವರು ಏನೆನ್ನುತ್ತಾರೆ? ತೂಕ ಇಳಿಸುವ ತರಬೇತಿಗೆ ಸಂಮೋಹನ ಸೇರಿದರೆ ಫಲ ಬಹಳ ಹೆಚ್ಚುತ್ತದೆ ಎಂದು 1995ರಲ್ಲಿ ಅಮೆರಿಕದ ಇರ್ವಿಂಗ್ ಕಿರ್ಷ್ ಮತ್ತು ಸಂಗಡಿಗರು ಹಳೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಬರೆದರು. ಮರುವರ್ಷವೇ ಆಲಿಸನ್ ಮತ್ತು ಫೇತ್ ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿ ದೋಷಗಳನ್ನು ಎತ್ತಿ ತೋರಿಸಿದರು, ಲಾಭ ಬಹಳ ಕುಗ್ಗಿತು. 1998ರಲ್ಲಿ ಆಕ್ಸ್‌ಫರ್ಡಿನ ವೈದ್ಯರು 60 ಸ್ಥೂಲಕಾಯದ ರೋಗಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಹದಿನೆಂಟು ತಿಂಗಳ ಬಳಿಕ ಗಣನೀಯವಾಗಿ ಇಳಿದ ತೂಕ ಉಳಿಸಿಕೊಂಡದ್ದು ಒಂದೇ ಗುಂಪು. ಅದಕ್ಕೆ ಸಂಮೋಹನದಲ್ಲಿ ಕೊಟ್ಟದ್ದು ತಿನ್ನಬೇಡ ಎಂಬ ಸೂಚನೆಗಿಂತ ಮುಖ್ಯವಾಗಿ ಮನಸ್ಸಿನ ಒತ್ತಡ ಇಳಿಸುವ ಸೂಚನೆ. ಇಳಿದದ್ದು ಸರಾಸರಿ 3.8 ಕಿಲೊ. ಇದು ಸುಳ್ಳೂ ಅಲ್ಲ, ಪವಾಡವೂ ಅಲ್ಲ.

ಹಿರಿಯರಿಗೆ ಆಮೇಲೆ ನಾವು ಹೇಳಿದ್ದು ಇಷ್ಟು: ಮನಸ್ಸು ಹಗುರಾಗುವುದಾದರೆ ಮಾಡಿಸಿಕೊಳ್ಳಿ, ಆದರೆ ಆಸೆ ಬುಡಸಮೇತ ಹೋಗುತ್ತದೆಂಬ ಭರವಸೆಗೆ ಹದಿನೈದು ಸಾವಿರ ಕೊಡಬೇಡಿ. ಅದಕ್ಕಿಂತ ಮುಖ್ಯವಾಗಿ, ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಪಿಷ್ಟವನ್ನು ದಿಢೀರನೆ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ವೈದ್ಯರನ್ನು ಕೇಳದೆ ಪಥ್ಯವನ್ನೂ ಬದಲಿಸಬೇಡಿ, ಮದ್ದನ್ನೂ ನಿಲ್ಲಿಸಬೇಡಿ. ಅವರು ಸುಮ್ಮನೆ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಪಣಜಿಯಲ್ಲಿ, ಬಿಜಾಪುರದ ಆದಿಲ್ ಶಾಹಿಗಳ ಹಳೆಯ ಅರಮನೆಯ ಮಗ್ಗುಲಲ್ಲಿ, 1945ರಲ್ಲಿ ನಿಲ್ಲಿಸಿದ ಫಾರಿಯಾನ ಕಂಚಿನ ಪ್ರತಿಮೆಯಿದೆ. ಗೋವಾ ನೋಡಲು ಹೋದ ನಮ್ಮವರು ಅದರ ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ. ನಿಲುವಂಗಿ ತೊಟ್ಟ ಪಾದ್ರಿ ಎರಡೂ ಕೈ ಚಾಚಿದ್ದಾನೆ, ಕೆಳಗೆ ಹೆಣ್ಣೊಬ್ಬಳು ಮೈಮರೆತು ಕುಸಿಯುತ್ತಿದ್ದಾಳೆ. ಕೈಯಲ್ಲಿ ಏನೂ ಇಲ್ಲ ಎಂದು ಜೀವಮಾನದ ಕೊನೆಯವರೆಗೂ ವಾದಿಸಿದವನನ್ನು ಶಿಲ್ಪಿ ಕಡೆದದ್ದು ಹಾಗೆ.