ಫೋರ್ಕ್‌ಲಿಫ್ಟ್‌ನಲ್ಲಿ ಉಳಿದುಕೊಂಡ ಒಂದು ‘ಟಕ್’

ಅಂಬರನಾಥ ಅಂದಕೂಡಲೇ 1060ರ ಶಿಲಾಹಾರರ ಶಿವಾಲಯ ತೋರಿಸ್ತೀನಿ ಅಂದ್ಕೊಂಡ್ರಾ? ಇವತ್ತು ಎಂಐಡಿಸಿ ಕಡೆ ಬನ್ನಿ. ಬ್ಯಾಟರಿ ಫೋರ್ಕ್‌ಲಿಫ್ಟ್‌ನ ಕೀಲಿ ತಿರುಗಿಸಿದರೆ ಒಳಗೆ ‘ಟಕ್’ ಅಂತ ಸದ್ದು. ಅದು ಕಾಂಟ್ಯಾಕ್ಟರ್. ಕಾಯಿಲ್‌ನಲ್ಲಿ ಸಣ್ಣ ಕರೆಂಟು ಹರಿದರೆ ಕಬ್ಬಿಣದ ತುಂಡು ಸೆಳೆಯಲ್ಪಟ್ಟು, ಬೆಳ್ಳಿ ತುದಿಗಳು ಕೂಡಿ, ನೂರಾರು ಆಂಪಿಯರ್‌ಗೆ ದಾರಿಯಾಗುತ್ತೆ.

ಇದರ ವಂಶ ಹಳೆಯದು. 1906ರಲ್ಲಿ ಅಮೆರಿಕದ ಆಲ್ಟೂನಾದಲ್ಲಿ ಪೆನ್ಸಿಲ್ವೇನಿಯಾ ರೈಲ್ವೆಯವರು ಲಗೇಜು ಗಾಡಿಗೆ ಬ್ಯಾಟರಿ ಕಟ್ಟಿ ಓಡಿಸಿದರು. ಆಮೇಲೆ ಬಂದ ಗಾಡಿಗಳಲ್ಲಿ ವೇಗದ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾಂಟ್ಯಾಕ್ಟರ್, ಮುಂದಕ್ಕೆ, ಹಿಂದಕ್ಕೆ, ಎತ್ತೋ ಪಂಪಿಗೆ ಬೇರೆ ಬೇರೆ. ಗಾಡಿ ಹೊರಟರೆ ಟಕ್ ಟಕ್ ಟಕ್! 1960ರ ದಶಕದಲ್ಲಿ ಥೈರಿಸ್ಟರ್, 1980ರ ದಶಕದಲ್ಲಿ ಮಾಸ್‌ಫೆಟ್ ಬಂದು ವೇಗದ ಮೆಟ್ಟಿಲುಗಳು ಹೋದವು. ಎಸಿ ಮೋಟಾರು ಬಂದಮೇಲೆ ದಿಕ್ಕಿನವೂ ಹೋದವು. ಆದರೆ ಬ್ಯಾಟರಿಗೂ ಕಂಟ್ರೋಲರ್‌ಗೂ ನಡುವಿನ ಮುಖ್ಯ ಕಾಂಟ್ಯಾಕ್ಟರ್ ಉಳೀತು.

ಯಾಕೆ? ಐರೋಲಿ, ಮಹಾಪೆಯಲ್ಲಿ ಕೂತು ಕೋಡ್ ಬರೆಯೋ ನಿಮಗೆ ಇದು ಬೇಗ ಹೊಳೆಯುತ್ತೆ. ಮಾಸ್‌ಫೆಟ್ ಸುಟ್ಟರೆ ಸಾಮಾನ್ಯವಾಗಿ ‘ಆನ್’ ಆಗಿಯೇ ಸಾಯುತ್ತೆ. ಆಗ ಸಾಫ್ಟ್‌ವೇರ್ ‘ನಿಲ್ಲು’ ಅಂದರೂ ಕೇಳೋರಿಲ್ಲ. ಹಲವು ಗಾಡಿಗಳಲ್ಲಿ ತುರ್ತಿನ ಕೆಂಪು ಗುಂಡಿ ಕತ್ತರಿಸೋದೂ ಈ ಕಾಯಿಲ್‌ನ ಕರೆಂಟನ್ನೇ. ತುದಿಗಳು ಬೆಸೆದುಕೊಂಡಿದ್ದರೆ ಗುಂಡಿ ಒತ್ತಿ ಏನು ಪ್ರಯೋಜನ? ಎರಡು ಟನ್ ಮಾಲು, ಎದುರಿಗೆ ಲೋಡರ್ ಹುಡುಗ.

ಹಾಗಾಗಿ ಬದಲಿ ಪಾರ್ಟು ಹುಡುಕೋದು ಬರೀ ದರದ ಮಾತಲ್ಲ. ಮುಂಬೈನ ಲೋಹಾರ್ ಚಾಲ್‌ನಲ್ಲಿ ‘ಆಂಪಿಯರ್ ಒಂದೇ’ ಅಂತ ಎಸಿ ಕಾಂಟ್ಯಾಕ್ಟರ್ ತರೋ ಆಸೆಯಾಗಬಹುದು. ಮನೆಯ ಎಸಿ ಕರೆಂಟು ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುತ್ತೆ, ಕಿಡಿ ತಾನೇ ಆರುತ್ತೆ. ಬ್ಯಾಟರಿಯ ಡಿಸಿ ಇಳಿಯೋದೇ ಇಲ್ಲ. ಕಿಡಿ ಎಳೆಎಳೆಯಾಗಿ ಉರೀತಾನೇ ಇರುತ್ತೆ. ಅದಕ್ಕೇ ಪಕ್ಕದಲ್ಲಿ ಅಯಸ್ಕಾಂತ ಇಟ್ಟು ಕಿಡಿಯನ್ನ ಹೊರಕ್ಕೆ ತಳ್ತಾರೆ. ಬ್ರಿಟನ್ನಿನ ಆಲ್‌ಬ್ರೈಟ್ ಕಂಪನಿಯ ಎಸ್‌ಡಬ್ಲ್ಯೂ180 ಮಾದರಿಯಲ್ಲಿ ಕೊನೆಗೆ ‘ಬಿ’ ಅಕ್ಷರ ಇದ್ದರೆ ಅದು ಅಯಸ್ಕಾಂತ ಇರೋದು. ಆ ಒಂದು ಅಕ್ಷರ ಆರ್ಡರ್‌ನಲ್ಲಿ ಬಿಟ್ಟುಹೋದರೆ 80 ವೋಲ್ಟಿನ ಗಾಡಿಗೆ ಅದು ಆಗೋದಿಲ್ಲ. ಪ್ಲಸ್ ಮೈನಸ್ ತಿರುಗಿಸಿ ಕಟ್ಟಿದರೆ ಅಯಸ್ಕಾಂತ ಕಿಡಿಯನ್ನ ಒಳಕ್ಕೇ ತಳ್ಳುತ್ತೆ! ಇನ್ನು ಕಾಯಿಲ್. 48 ವೋಲ್ಟಿನ ಗಾಡಿಯಲ್ಲಿ 24ರ ಕಾಯಿಲ್ ಇರಬಹುದು, ಕಂಟ್ರೋಲರ್ ವೋಲ್ಟೇಜ್ ಇಳಿಸಿ ಕೊಡುತ್ತೆ. ಹಳೇದರ ಮೇಲಿನ ಚೀಟಿ ಓದದೆ ಬ್ಯಾಟರಿ ನೋಡಿ ಕೊಂಡರೆ ಕೆಟ್ಟಿತು.

ಕೆಮಿಕಲ್ ಕಾರ್ಖಾನೆಗಳ ಅಂಬರನಾಥ, ಡೊಂಬಿವಲಿಯಲ್ಲಿ ಇನ್ನೊಂದು ತಾಪತ್ರಯ. ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇದ್ದರೆ ಬೆಳ್ಳಿ ಕಪ್ಪಾಗುತ್ತೆ, ದೇವರ ಮನೆಯ ದೀಪದ ಹಾಗೆ. ಕೂಡೋ ಜಾಗ ಬಿಸಿಯಾಗುತ್ತೆ, ಒಂದು ದಿನ ಅಂಟಿಕೊಳ್ಳುತ್ತೆ. ಸಾಲ್ವೆಂಟ್ ಆವಿ ಇರೋ ಕಡೆಯಂತೂ ಆ ಒಂದು ಕಿಡಿಯೇ ಅಪಾಯ. ಅಲ್ಲಿಗೆ ಫ್ಲೇಮ್‌ಪ್ರೂಫ್ ಗಾಡಿ, ಅದರದ್ದೇ ಪಾರ್ಟು.

ಕೆಲವರು ಅರ ಹಾಕಿ ತುದಿ ಉಜ್ಜಿ ಮತ್ತೆ ಕೂರಿಸ್ತಾರೆ. ಉದುರೋದು ಆ ತೆಳು ಬೆಳ್ಳಿಯೇ.