ಡೇರೆಯ ಗಡ್ಡೆ

ಮಳೆ ಹಿಂದೆಗೆಯುವ ಹೊತ್ತಿಗೆ ಕೊಡಗಿನ ನಮ್ಮ ಮನೆಯಂಗಳದಲ್ಲಿ ಅರಳುವ ಹೂವೊಂದಿದೆ. ಪುಸ್ತಕಗಳು ಅದನ್ನು ಡೇಲಿಯಾ ಎನ್ನುತ್ತವೆ. ಮಲೆನಾಡಿನ ಹೆಂಗಸರು ಡೇರೆ ಎನ್ನುತ್ತಾರೆ. ಬಿಡಾರದ ಡೇರೆಗೂ ಇದಕ್ಕೂ ನಂಟಿಲ್ಲ. ಪರದೇಶದ ಹೆಸರೊಂದು ನಮ್ಮವರ ನಾಲಗೆಯ ಮೇಲೆ ಹೊರಳಿ, ಲಕಾರ ರಕಾರವಾಗಿ, ಅಚ್ಚಗನ್ನಡದ ಮಾತಿನಂತೆ ನಿಂತಿದೆ. ಕನ್ನಡವನ್ನು ಕಲಿಸಿ ಬದುಕಿದ ನನಗೆ ಈ ಪುಟ್ಟ ಮಾತಿನಲ್ಲಿ ದೊಡ್ಡದೊಂದು ಚರಿತ್ರೆ ಕಾಣುತ್ತದೆ.

ಇದರ ತವರು ಮೆಕ್ಸಿಕೋ ದೇಶದ ಬೆಟ್ಟನಾಡು. ಅಲ್ಲಿನ ಮೂಲನಿವಾಸಿಗಳು ಇದನ್ನು ಅಕೊಕೊಶೋಚಿತ್ಲ್ ಎಂದು ಕರೆಯುತ್ತಿದ್ದರು. 1789ರಲ್ಲಿ ವಿಸೆಂಟೆ ಸೆರ್ವಾಂಟೆಸ್ ಎಂಬಾತನು ಇದರ ಬೀಜವನ್ನು ಮೆಕ್ಸಿಕೋ ನಗರದಿಂದ ಸ್ಪೇನಿನ ಮ್ಯಾಡ್ರಿಡ್ಡಿಗೆ ಕಳುಹಿಸಿದನು. ಅಲ್ಲಿ ಪಾದ್ರಿಯೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಕಾವನಿಯೆಸ್ 1791ರಲ್ಲಿ, ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಡಾಲನ ನೆನಪಿಗಾಗಿ, ಡೇಲಿಯಾ ಎಂಬ ಹೆಸರಿಟ್ಟನು. ಡಾಲ್ 1789ರಲ್ಲಿಯೇ ತೀರಿಕೊಂಡಿದ್ದನು. ಹೀಗೆ ಹೂವಿಗೆ ಬಂದದ್ದು ಅದನ್ನು ನೆಟ್ಟು ಬೆಳೆಸದವನ ಹೆಸರು. ಬೆಳೆಸಿದವರ ಹೆಸರು ಗ್ರಂಥಗಳಿಗೆ ಬರಲಿಲ್ಲ. 1963ರಲ್ಲಿ ಮೆಕ್ಸಿಕೋ ಇದನ್ನು ತನ್ನ ರಾಷ್ಟ್ರಪುಷ್ಪವೆಂದು ಸಾರಿತು.

ನಮ್ಮ ಕೊಡಗಿನ ಚರಿತ್ರೆಯೂ ಇಂಥದೇ. 1834ರಲ್ಲಿ ಚಿಕ್ಕವೀರರಾಜೇಂದ್ರನು ಪದಚ್ಯುತನಾದುದು, 1854ರಲ್ಲಿ ಫೌಲರ್ ಎಂಬ ಆಂಗ್ಲನು ಮಡಿಕೇರಿಯಲ್ಲಿ ಕಾಫಿ ತೋಟವನ್ನು ತೆರೆದುದು, ಇವೆಲ್ಲ ಬರಹದಲ್ಲಿವೆ. ತೋಟದ ಬಂಗಲೆಗಳ ಮುಂದೆ ದೊರೆಸಾನಿಯರು ಮಾಡಿಸಿದ ಹೂದೋಟಗಳಿಂದ ಗಡ್ಡೆಗಳು ಬೇಲಿ ದಾಟಿ ಬಂದ ಬಗೆ ಬರಹದಲ್ಲಿಲ್ಲ. ನಮ್ಮ ಮನೆಯ ಕೆಂಪು ಡೇರೆಯನ್ನು ಬಂಗಲೆಯೊಂದರ ಮಾಲಿ, ಒಂದು ಸೇರು ಅಕ್ಕಿಗೆ ಬದಲಾಗಿ, ಅಜ್ಜಿಗೆ ಕೊಟ್ಟನೆಂದು ತಾಯಿ ಹೇಳುತ್ತಿದ್ದರು.

ತಾಯಿಯ ಕೃಷಿಕ್ರಮ ಸರಳವಾದದ್ದು. ಹೂಮಳೆ ಬಿದ್ದ ಮೇಲೆ ನೀರು ನಿಲ್ಲದ ಏರುಮಡಿಯಲ್ಲಿ ಗಡ್ಡೆ ಊರುವುದು; ಆಷಾಢದ ಗಾಳಿಗೆ ಟೊಳ್ಳುಕಾಂಡ ಮುರಿಯದಂತೆ ಬಿದಿರಿನ ಊರೆ ಕೊಡುವುದು; ಪಕ್ಕದ ಮೊಗ್ಗುಗಳನ್ನು ಚಿವುಟಿ ನಡುವಿನದನ್ನು ಉಳಿಸುವುದು. ಹೂದಾನಿಗೆ ಬೇಕಾದರೆ ಬೆಳಗಿನ ತಂಪಿನಲ್ಲಿ, ಪೂರ್ತಿ ಅರಳಿದ ಹೂವನ್ನೇ ಉದ್ದ ತೊಟ್ಟಿನೊಡನೆ ಕೊಯ್ಯಬೇಕು. ಮೊಗ್ಗಾಗಿ ಕೊಯ್ದ ಡೇರೆ ನೀರಿನಲ್ಲಿ ಅರಳುವುದಿಲ್ಲ. ಗಿಡ ಒಣಗಿದ ಮೇಲೆ ಗಡ್ಡೆ ಅಗೆದು, ಒಣ ಮರಳಿನಲ್ಲಿಟ್ಟು ಅಟ್ಟ ಸೇರಿಸುತ್ತಿದ್ದರು. ಗಡ್ಡೆ ಎಷ್ಟೇ ದಪ್ಪವಿರಲಿ, ಕಾಂಡಕ್ಕೆ ಅಂಟಿದ ಕತ್ತಿನಲ್ಲಿ ಕಣ್ಣಿಲ್ಲದಿದ್ದರೆ ಚಿಗುರದು. ಆ ಕಣ್ಣನ್ನು ನೋಡಿ ಬಿಡಿಸಿ, ಕೇಳಿದವರಿಗೆಲ್ಲ ಒಂದೊಂದು ಕೊಡುತ್ತಿದ್ದರು. "ಇದ್ದುದೆಲ್ಲ ಹಂಚಿದರೆ ನಮಗೇನು ಉಳಿಯಿತು?" ಎಂದು ನಾನು ಹಲವು ಸಲ ಆಕ್ಷೇಪಿಸಿದ್ದುಂಟು.

ತಾಯಿ ತೀರಿಕೊಂಡ ವರ್ಷ ಗಡ್ಡೆ ಅಗೆಯುವ ನೆನಪು ಯಾರಿಗೂ ಬರಲಿಲ್ಲ. ಮುಂದಿನ ಮಳೆಗಾಲ ಕಳೆದು ಮಣ್ಣು ಕೆದಕಿದೆ; ಕೊಳೆತ ನಾರು ಕೈಗೆ ಬಂತು. ಮೂರು ತಲೆಮಾರಿನ ಹೂವು ನನ್ನ ಮರೆವಿನಿಂದ ಹೋಯಿತೆಂದು ಬಹಳ ನೊಂದೆ. ವಿಷಯ ತಿಳಿದ ಕೆಳಗಿನ ಮನೆಯ ಹಿರಿಯಾಕೆ ಬುಟ್ಟಿ ಹಿಡಿದು ಬಂದರು. "ನಿಮ್ಮ ಅಮ್ಮ ಕೊಟ್ಟದ್ದೇ, ಮೇಷ್ಟ್ರೇ, ತೆಗೆದುಕೊಳ್ಳಿ" ಎಂದರು.

ಅರಸರ, ದೊರೆಗಳ ಇಸವಿಗಳನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ. ಆ ಬುಟ್ಟಿಯಲ್ಲಿದ್ದ ಚರಿತ್ರೆಗೆ ಇಸವಿ ಇರಲಿಲ್ಲ; ಕಣ್ಣಿತ್ತು. ಈಗ ಪ್ರತಿ ವರ್ಷ ಗಡ್ಡೆ ಅಗೆದ ದಿನ, ಮರಳಿಗೆ ಹಾಕುವ ಮೊದಲು, ನಾಲ್ಕು ಮನೆಗಳಿಗೆ ಕೊಟ್ಟು ಬರುತ್ತೇನೆ.