ಬಕಾಸುರನು ಮಡಿವಂತನಾದ ಕಥೆ

ಡೀಸೆಲ್ ಎಂಜಿನ್ನಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಶಕ್ತಿಯನ್ನು ಕೊಂಡಾಡುತ್ತಾರೆ. ಅದರ ಆಹಾರವನ್ನು ಸೋಸಿಕೊಡುವ ಫಿಲ್ಟರ್ ಎಂಬ ಸಣ್ಣ ಡಬ್ಬಿಯ ಕಡೆಗೆ ಅವರ ದೃಷ್ಟಿ ಹರಿಯುವುದು ವಿರಳ. ಸಿಕ್ಕಿದ್ದನ್ನೆಲ್ಲ ಉಣ್ಣುವ ಬಕಾಸುರನಾಗಲೆಂದು ಕಲ್ಪಿತವಾದ ಯಂತ್ರವೊಂದು ನೂರು ವರ್ಷಗಳಲ್ಲಿ ಧೂಳಿನ ಕಣವನ್ನೂ ಸಹಿಸದ ಮಡಿವಂತನಾದ ಕಥೆ ಆ ಡಬ್ಬಿಯಲ್ಲಿ ಅಡಗಿದೆ. ಅಮೆರಿಕದಲ್ಲಿ ನೆಲೆಸಿ, ಅಡುಗೆಮನೆ ಮಲಗುವ ಕೋಣೆಗಳೆಲ್ಲ ಇರುವ ಮೋಟರ್‌ಹೋಮಿನಲ್ಲಿ ಊರೂರು ಸುತ್ತುವ ಹಳೆಯ ವಿದ್ಯಾರ್ಥಿಗಳಿಗೂ, ಇಲ್ಲಿ ಡೀಸೆಲ್ ವಾಹನ ಓಡಿಸುವ ಬಂಧುಗಳಿಗೂ ಈ ಕಥೆ ಉಪಯೋಗಕ್ಕೆ ಬಂದೀತು.

ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್ಸಿನಲ್ಲಿ ಬವೇರಿಯಾ ಮೂಲದ ದಂಪತಿಗಳ ಮಗನಾಗಿ ಜನಿಸಿದನು. ಅವನ ಕಾಲದ ಉಗಿಯಂತ್ರಗಳು ಇಂಧನದ ಶಾಖದಲ್ಲಿ ಬಹುಪಾಲನ್ನು ವ್ಯರ್ಥ ಮಾಡುತ್ತಿದ್ದವು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಹಾಗೆ ಕಾದ ಗಾಳಿಯೊಳಕ್ಕೆ ಇಂಧನವನ್ನು ಬಿಟ್ಟರೆ ಕಿಡಿಯ ಹಂಗಿಲ್ಲದೆ ಹೊತ್ತಿಕೊಳ್ಳುತ್ತದೆ. ಈ ತತ್ತ್ವವನ್ನು ಆಧರಿಸಿದ ಎಂಜಿನ್ನಿಗೆ ಅವನು 1893ರಲ್ಲಿ ಜರ್ಮನಿಯ ಪೇಟೆಂಟ್ ಪಡೆದನು. ಕಲ್ಲಿದ್ದಲಿನ ಪುಡಿಯನ್ನೂ ಇದರಲ್ಲಿ ಉರಿಸಬಹುದೆಂಬುದು ಅವನ ಆಶಯವಾಗಿತ್ತು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆದ ಅಧಿಕೃತ ಪರೀಕ್ಷೆಯಲ್ಲಿ ಅವನ ಎಂಜಿನ್ ಇಂಧನದ ಶಕ್ತಿಯ ಶೇಕಡಾ 26ರಷ್ಟನ್ನು ಕೆಲಸವಾಗಿ ಮಾರ್ಪಡಿಸಿತು. ಅಂದಿಗೆ ಅದು ಅಚ್ಚರಿಯ ಸಾಧನೆ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಒಂದು ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದಲೇ ಓಡಿತು.

ಎಣ್ಣೆ ಒಗ್ಗಿತು, ಕಲ್ಲಿದ್ದಲು ಒಗ್ಗಲಿಲ್ಲ. ಪುಡಿ ಉರಿದ ಮೇಲೆ ಉಳಿಯುವ ಬೂದಿ ಸಿಲಿಂಡರಿನ ಗೋಡೆಯನ್ನು ಮರಳಕಾಗದದಂತೆ ಉಜ್ಜಿ ಸವೆಸುತ್ತಿತ್ತು. ಗಡುಸಾದ ಸಣ್ಣ ಕಣವೇ ಈ ಯಂತ್ರದ ಪರಮಶತ್ರುವೆಂಬ ಪಾಠ ಆಗಲೇ ದೊರೆತಿತ್ತು. ಡೀಸೆಲನು 1913ರ ಸೆಪ್ಟೆಂಬರ್ 29ರ ರಾತ್ರಿ, ಸಾಲದ ಹೊರೆಯಲ್ಲಿದ್ದಾಗ, ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕಣ್ಮರೆಯಾದನು. ತನ್ನ ಎಂಜಿನ್ ರಸ್ತೆಗಳನ್ನು ಆಳುವುದನ್ನು ಅವನು ಕಾಣಲಿಲ್ಲ.

ಅವನ ಕಾಲದ ಎಂಜಿನ್ ರಸ್ತೆಗೆ ಇಳಿಯುವಂಥದೂ ಆಗಿರಲಿಲ್ಲ. ಎಣ್ಣೆಯನ್ನು ಸಿಲಿಂಡರಿಗೆ ಊದಲು ಬೃಹತ್ತಾದ ಗಾಳಿಯ ಕಂಪ್ರೆಸರ್ ಬೇಕಾಗಿತ್ತು. ಹಡಗಿಗೂ ಕಾರ್ಖಾನೆಗೂ ಸರಿ, ಲಾರಿಗೆ ಅದು ಭಾರ. ಈ ತೊಡಕನ್ನು ಬಿಡಿಸಿದ ಪ್ರಮುಖರಲ್ಲಿ ಸ್ಟಟ್‌ಗಾರ್ಟಿನ ರಾಬರ್ಟ್ ಬಾಷ್ ಒಬ್ಬನು. ಅವನ ಸಂಸ್ಥೆ 1922ರಲ್ಲಿ ಕೆಲಸ ಆರಂಭಿಸಿ, 1927ರಲ್ಲಿ ಇಂಧನವನ್ನು ನೇರವಾಗಿ ಒತ್ತಿ ಚಿಮ್ಮಿಸುವ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು. 1936ರಲ್ಲಿ ಮರ್ಸಿಡಿಸ್ ಬೆಂಜ್ 260ಡಿ ಎಂಬ ಡೀಸೆಲ್ ಕಾರು ಕೂಡ ಬಂದಿತು.

ಈ ಪಂಪಿನೊಳಗಿನ ಕೊಂತಕ್ಕೂ ಅದರ ಕೊಳವೆಗೂ ನಡುವಿನ ಸಂದು ಕೇವಲ ಎರಡು ಮೂರು ಮೈಕ್ರಾನ್. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಇಷ್ಟು ಕಿರಿದಾದ ಸಂದಿನಲ್ಲಿ ಕಣ್ಣಿಗೆ ಕಾಣದ ಧೂಳೂ ಬಂಡೆಯೇ. ಜೊತೆಗೆ, ಪಂಪಿಗೆ ಜಿಡ್ಡು ಒದಗಿಸುವುದೂ ಡೀಸೆಲ್ಲೇ. ನೀರು ಬೆರೆತರೆ ಜಿಡ್ಡೂ ಹೋಯಿತು, ತುಕ್ಕೂ ಬಂದಿತು. ಆದ್ದರಿಂದ ಫಿಲ್ಟರ್ ಅನಿವಾರ್ಯವಾಯಿತು. ಮೊದಲು ಬಟ್ಟೆ ಮತ್ತು ಉಣ್ಣೆಯ ನಮದಾದಿಂದ ಸೋಸುತ್ತಿದ್ದರು. ಅನಂತರ ರಾಳದಲ್ಲಿ ಅದ್ದಿ ಮಡಿಕೆ ಮಡಿಕೆಯಾಗಿ ಮಡಿಚಿದ ಕಾಗದ ಬಂದಿತು.

ಈ ಚರಿತ್ರೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೂ ಇದೆ. ಬಾಷ್ ಸಂಸ್ಥೆಯ ಸಹಯೋಗದಿಂದ 1951ರಲ್ಲಿ ಇಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಆಡುಗೋಡಿಯ ‘ಮೈಕೋ’, ಇಂಥ ಪಂಪುಗಳನ್ನು ತಯಾರಿಸಿತು. 2008ರಲ್ಲಿ ಅದು ಬಾಷ್ ಲಿಮಿಟೆಡ್ ಆಯಿತು. ಘಾಟಿಯ ತಿರುವಿನಲ್ಲಿ ಬಸ್ಸು ನಿಂತಾಗ ಚಾಲಕನು ಕೆಳಗಿಳಿದು, ‘ಏರ್ ಹಿಡಿದಿದೆ’ ಎನ್ನುತ್ತ ಸ್ಕ್ರೂ ಸಡಿಲಿಸಿ, ನೊರೆ ನಿಲ್ಲುವವರೆಗೆ ಕೈಪಂಪನ್ನು ಒತ್ತುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿರಬೇಕು. ದ್ರವವನ್ನು ಒತ್ತಿದರೆ ಒತ್ತಡ ಮುಂದಕ್ಕೆ ಸಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ತಾನೇ ಕುಗ್ಗಿಬಿಡುತ್ತದೆ. ಆದಕಾರಣ ಗಾಳಿ ಹೊಕ್ಕ ಕೊಳವೆಯಿಂದ ಇಂಧನ ಚಿಮ್ಮುವುದಿಲ್ಲ.

1990ರ ದಶಕದಲ್ಲಿ ‘ಕಾಮನ್ ರೈಲ್’ ಪದ್ಧತಿ ಬಂದಿತು. 1995ರಲ್ಲಿ ಜಪಾನಿನ ಡೆನ್ಸೊ ಅದನ್ನು ಲಾರಿಗೆ, 1997ರಲ್ಲಿ ಬಾಷ್ ಕಾರಿಗೆ ಅಳವಡಿಸಿದವು. ಹಳೆಯ ಪಂಪುಗಳ ಒತ್ತಡ ವಾತಾವರಣದ ಒತ್ತಡದ ಕೆಲವು ನೂರು ಪಟ್ಟು ಇದ್ದರೆ, ಇಂದಿನ ಎಂಜಿನ್ನುಗಳಲ್ಲಿ ಅದು 2,000 ಪಟ್ಟನ್ನು ಮೀರುತ್ತದೆ. ಹೊಗೆ ಕಡಿಮೆಯಾಯಿತು, ಎಣ್ಣೆ ಉಳಿಯಿತು. ಮಡಿ ಮಾತ್ರ ಇನ್ನಷ್ಟು ಕಠಿಣವಾಯಿತು. ಆ ವೇಗದಲ್ಲಿ ನುಗ್ಗುವ ಒಂದು ಕಣ ಇಂಜೆಕ್ಟರಿನ ಕವಾಟವನ್ನೇ ಕೊರೆಯಬಲ್ಲದು.

ಮೋಟರ್‌ಹೋಮಿಗೆ ಈ ಮಾತು ಮತ್ತಷ್ಟು ಅನ್ವಯಿಸುತ್ತದೆ. ಲಾರಿ ದಿನವೂ ಓಡುತ್ತದೆ, ಅದರ ಡೀಸೆಲ್ ದಿನವೂ ಹೊಸದು. ಮೋಟರ್‌ಹೋಮ್ ವರ್ಷದಲ್ಲಿ ಕೆಲವೇ ವಾರ ಓಡಿ, ಉಳಿದ ಕಾಲ ಅಂಗಳದಲ್ಲಿ ನಿಲ್ಲುತ್ತದೆ. ದೊಡ್ಡ ಗಾಡಿಗಳ ಟ್ಯಾಂಕು 300ರಿಂದ 400 ಲೀಟರ್ ಹಿಡಿಯುತ್ತದೆ. ಅರ್ಧ ಖಾಲಿಯಿರುವ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿಯ ತಂಪಿಗೆ ಗಾಳಿಯ ತೇವ ಹನಿಗಟ್ಟಿ ತಳ ಸೇರುತ್ತದೆ. ಆ ನೀರಿಗೂ ಡೀಸೆಲ್ಲಿಗೂ ನಡುವಿನ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಕಟ್ಟುತ್ತದೆ. ಪ್ರವಾಸದ ಮೊದಲ ಬೆಟ್ಟದ ದಾರಿಯಲ್ಲಿ ಟ್ಯಾಂಕು ಕುಲುಕಿದಾಗ ಅದೆಲ್ಲ ಎದ್ದು ಫಿಲ್ಟರಿಗೆ ಅಡರುತ್ತದೆ. ಎಂಜಿನ್ನಿಗೆ ಹೆಚ್ಚು ಎಣ್ಣೆ ಬೇಕಾದ ಏರಿನಲ್ಲಿಯೇ ಉಸಿರು ಕಟ್ಟಿ, ಹತ್ತಾರು ಟನ್ ತೂಕದ ಮನೆ ಹೆದ್ದಾರಿಯ ಅಂಚಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಕಿಲೋಮೀಟರ್ ಆಗಿಲ್ಲವೆಂದು ಸುಮ್ಮನಿರದೆ, ಕೈಪಿಡಿ ಸೂಚಿಸುವ ಅವಧಿ ಮುಗಿದೊಡನೆ ಫಿಲ್ಟರನ್ನು ಬದಲಿಸಬೇಕು.

ಸಾಮಾನ್ಯವಾಗಿ ಎರಡು ಫಿಲ್ಟರುಗಳಿರುತ್ತವೆ. ಮೊದಲನೆಯದು ದಪ್ಪ ಕಸವನ್ನೂ ನೀರನ್ನೂ ತಡೆಯುತ್ತದೆ; ಎರಡನೆಯದು ಕೆಲವೇ ಮೈಕ್ರಾನಿನ ಕಣಗಳನ್ನು ಹಿಡಿಯುತ್ತದೆ. ಅದೇ ಟ್ಯಾಂಕಿನ ಡೀಸೆಲ್ಲಿನಿಂದ ನಡೆಯುವ ವಿದ್ಯುತ್ ಜನರೇಟರಿಗೆ ತನ್ನದೇ ಫಿಲ್ಟರ್ ಉಂಟು. ಅದನ್ನು ಮರೆಯುವವರೇ ಹೆಚ್ಚು.

ಹಿಂದೆ ಮೆಕ್ಯಾನಿಕರು ಹೊಸ ಫಿಲ್ಟರಿನೊಳಗೆ ಡೀಸೆಲ್ ಸುರಿದು ತುಂಬಿಸಿ ಕೂರಿಸುತ್ತಿದ್ದರು; ಏರ್ ತೆಗೆಯುವ ಶ್ರಮ ಉಳಿಯುತ್ತಿತ್ತು. ಹಳೆಯ ಪಂಪುಗಳು ಅದನ್ನು ತಾಳಿಕೊಂಡವು. ಆದರೆ ಡಬ್ಬದಿಂದ ಸುರಿದ ಎಣ್ಣೆ ಫಿಲ್ಟರಿನ ಶುದ್ಧ ಬದಿಗೆ ಬಿದ್ದರೆ, ಅದನ್ನು ಮುಂದೆ ಸೋಸುವವರು ಯಾರೂ ಇಲ್ಲ. ಆದ್ದರಿಂದ ಎಂಜಿನ್ನಿಗೆ ಹತ್ತಿರದ ಎರಡನೆಯ ಫಿಲ್ಟರನ್ನು ಖಾಲಿಯಾಗಿಯೇ ಕೂರಿಸಿ, ಕೈಪಂಪಿನಿಂದಲೋ ವಿದ್ಯುತ್ ಪಂಪಿನಿಂದಲೋ ತುಂಬಿಸುವುದು ಇಂದಿನ ಕ್ರಮ. ಹಳೆಯ ಬಸ್ಸಿನಂತೆ ಇಂದಿನ ಎಂಜಿನ್ ಓಡುತ್ತಿರುವಾಗ ಅಧಿಕ ಒತ್ತಡದ ಕೊಳವೆಯನ್ನು ಸಡಿಲಿಸುವುದಂತೂ ಸಲ್ಲದು. ಆ ಧಾರೆ ಚರ್ಮವನ್ನು ಸೀಳಿ ಒಳಹೊಗುತ್ತದೆ.

ಪರಿಣತರ ಕೈ ಕಲಿತದ್ದು ತಪ್ಪಾಗಿರಲಿಲ್ಲ, ಯಂತ್ರ ಬದಲಾಯಿತು. ಚರಿತ್ರೆಯನ್ನು ಓದುವುದರ ಪ್ರಯೋಜನವೂ ಇದೇ. ಒಂದು ರೂಢಿ ಯಾವ ಕಾಲದಲ್ಲಿ, ಯಾವ ಕಾರಣಕ್ಕೆ ಹುಟ್ಟಿತೆಂದು ತಿಳಿದವನಿಗೆ, ಅದನ್ನು ಯಾವಾಗ ಬಿಡಬೇಕೆಂಬುದೂ ತಿಳಿಯುತ್ತದೆ. ಗಾಡಿಯುಳ್ಳ ವಿದ್ಯಾರ್ಥಿಮಿತ್ರರು ಫಿಲ್ಟರ್ ಬದಲಿಸಿದ ದಿನಾಂಕವನ್ನು ಆ ಡಬ್ಬಿಯ ಮೇಲೆಯೇ ಬರೆದಿಡಿ. ಇಸವಿಗಳನ್ನು ನೆನಪಿಡುವುದು ನಿಮಗೆಷ್ಟು ಕಷ್ಟವೆಂಬುದನ್ನು ನಾನು ಬಲ್ಲೆ.